ತುಂಬಿದ ತಂಬಿಗೆ

"ಗುರುಗಳೇ, ಒಳ್ಳೆಯದಕ್ಕಾಗಿಯೇ 'ಬೇಡ' ಅಂದರೂ ಜನ ನಮ್ಮನ್ನು ಕಲ್ಲು ಮನಸ್ಸಿನವರು ಅನ್ನುತ್ತಾರಲ್ಲ, ಯಾಕೆ?" ಎಂದು ಶಿಷ್ಯ ಕೇಳಿದ.

ಮಠದಲ್ಲಿ ಊಟದ ಪಂಕ್ತಿ ಆಗತಾನೆ ಎದ್ದಿತ್ತು. ಅಂದು ಪಾಯಸ ಬಡಿಸಿದವನು ಅವನೇ. ತೋಟ ನೋಡಿಕೊಳ್ಳುವ ಅಜ್ಜನಿಗೆ ಸಕ್ಕರೆ ಕಾಯಿಲೆ. ಶಿಷ್ಯ ಅಜ್ಜನ ಎಲೆಯನ್ನು ದಾಟಿ ಮುಂದೆ ಹೋದ. ಎಲ್ಲರಿಗೂ ಬಡಿಸಿದ ಮೇಲೆ ಅಜ್ಜನ ಎದುರಿನ ಎಲೆಗೆ ತಾನೂ ಕೂತ. ಅಜ್ಜ ಅರ್ಧ ಊಟಕ್ಕೇ ಎದ್ದು ತೋಟಕ್ಕೆ ಹೋಗಿಬಿಟ್ಟ. ಕರೆದರೂ ತಿರುಗಿ ನೋಡಲಿಲ್ಲ.

"ಅವನ ಜೀವ ಉಳಿಯಲಿ ಅಂತ ತಾನೇ ನಾನು ಹಾಗೆ ಮಾಡಿದ್ದು?" ಎಂದ ಶಿಷ್ಯ. ಅವನ ದನಿಯಲ್ಲಿ ನೋವಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಅತ್ತೆ, ಒಬ್ಬ ಸೊಸೆ. ಬಳೆ ಮಾರುವ ಮನೆತನ. ಸೊಸೆಗೆ ಮಾತು ಹೆಚ್ಚು. ಮಾತು ಹೆಚ್ಚಾದ್ದರಿಂದ ಬಾಯಾರಿಕೆಯೂ ಹೆಚ್ಚು. ಜಗಳದ ನಡುವೆ ಕೈ ಎತ್ತಿ ಅತ್ತೆಯನ್ನು ನಿಲ್ಲಿಸಿ, ಒಂದು ಲೋಟ ನೀರು ಕುಡಿದು, ಬಿಟ್ಟಲ್ಲಿಂದ ಮುಂದುವರಿಸುವವಳು ಅವಳು. ಅತ್ತೆಯೂ ಕಾಯುತ್ತಿದ್ದಳು. ಅಷ್ಟರಲ್ಲಿ ಅವಳಿಗೂ ಉತ್ತರ ಹೊಳೆಯುತ್ತಿತ್ತು.

ಒಂದು ಬೇಸಿಗೆಯಲ್ಲಿ ಅತ್ತೆಯ ಕರುಳು ಸಿಕ್ಕಿಕೊಂಡಿತು. ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಸರಿಮಾಡಿದರು. ಆಮೇಲೆ ಡಾಕ್ಟರು ಮಗನನ್ನೂ ಸೊಸೆಯನ್ನೂ ಕರೆದು ಹೇಳಿದರು: "ಕರುಳು ಇನ್ನೂ ಮಲಗಿದೆ. ಅದು ಎದ್ದು, ಹೊಟ್ಟೆಯ ಗಾಳಿ ಹೊರಗೆ ಹೋಗುವವರೆಗೆ ಒಂದು ತೊಟ್ಟು ನೀರೂ ಕೊಡಬೇಡಿ. ಕೊಟ್ಟರೆ ವಾಂತಿಯಾಗುತ್ತದೆ, ಹೊಲಿಗೆ ಬಿಚ್ಚುತ್ತದೆ. ಮತ್ತೊಮ್ಮೆ ಕೊಯ್ದರೆ ಈ ಜೀವ ತಡೆಯುವುದಿಲ್ಲ. ತುಟಿ ಒಣಗಿದರೆ ಒದ್ದೆ ಬಟ್ಟೆಯಿಂದ ಒರೆಸಿ, ಅಷ್ಟೇ."

ಸಂಜೆ ಅತ್ತೆಗೆ ಎಚ್ಚರವಾಯಿತು. ಮೊದಲು ಕೇಳಿದ್ದೇ ನೀರು. ಮಗನಿಗೆ ನೋಡಲಾಗಲಿಲ್ಲ. ಓಡಿ ಹೋಗಿ ಎಳನೀರು ತಂದ.

"ಒಂದೇ ಒಂದು ಚಮಚ ಕಣೇ. ಹೆತ್ತವ್ವ ಹೀಗೆ ಬಾಯಿ ಬಾಯಿ ಬಿಡ್ತಿದ್ರೆ ನೋಡ್ತಾ ನಿಲ್ಲೋಕಾಗುತ್ತಾ?"

"ನಿಲ್ಲೋಕಾಗದಿದ್ರೆ ಮನೆಗೆ ಹೋಗಿ ಮಕ್ಕಳಿಗೆ ಊಟ ಹಾಕಿ," ಅಂದಳು ಸೊಸೆ. "ಎಳನೀರು ನೀವೇ ಕುಡೀರಿ. ನಿಮ್ಮ ಕರುಣೆಗೆ ಇನ್ನೊಂದು ಸಲ ಹೊಟ್ಟೆ ಕೊಯ್ಸಿಕೊಳ್ಳೋರು ಅವರು, ನೀವಲ್ಲ."

ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸರು ಇರುವಂತಿರಲಿಲ್ಲ. ಮಗ ಕಣ್ಣೊರೆಸಿಕೊಂಡು ಹೊರಟ. ದಾರಿಯಲ್ಲಿ ಎಳನೀರು ಕುಡಿದ.

ಸೊಸೆ ಮಂಚದ ಪಕ್ಕ ಚಾಪೆ ಹಾಸಿದಳು. ತನಗೆಂದು ಮನೆಯಿಂದ ತಂದ ತಂಬಿಗೆಗೆ ನೀರು ತುಂಬಿ, ಲೋಟ ಮುಚ್ಚಿ, ಕಿಟಕಿಯಲ್ಲಿ ಇಟ್ಟಳು. ನರ್ಸಮ್ಮ ಕೊಟ್ಟ ಬಟ್ಟಲಿನಲ್ಲಿ ಬಟ್ಟೆ ನೆನೆಹಾಕಿದಳು.

ರಾತ್ರಿಯೆಲ್ಲ ಅತ್ತೆ ನೀರು ಕೇಳಿದಳು. ಕೇಳಿದಾಗಲೆಲ್ಲ ಸೊಸೆ ತುಟಿ ಒರೆಸಿದಳು. ಒಮ್ಮೆ ಅತ್ತೆ ಆ ಬಟ್ಟೆಯನ್ನೇ ಕಚ್ಚಿ ಹೀರಲು ನೋಡಿದಳು. ಸೊಸೆ ಕಿತ್ತುಕೊಂಡಳು.

"ಪಾಪಿ," ಅಂದಳು ಅತ್ತೆ. "ಬಂದಾಗಿಂದ ನಮ್ಮನೆ ಕೊಡಗಳನ್ನೆಲ್ಲ ಬರಿದು ಮಾಡಿದ್ದೀಯ. ನನಗೆ ಒಂದು ಗುಟುಕಿಗೆ ಬರ ಬಂತೇನೇ? ಇರಲಿ. ಸಾಯೋವಾಗ ಬಾಯಿಗೆ ನೀರು ಬಿಡೋನು ನನ್ನ ಮಗ, ನೀನಲ್ಲ."

"ಸಾಯೋವಾಗ ಅವರೇ ಬಿಡಲಿ," ಅಂದಳು ಸೊಸೆ. "ಈಗ ನೀವು ಸಾಯ್ತಿಲ್ಲ. ಮೊದಲು ಗಾಳಿ ಬಿಡಿ ಅತ್ತೆ, ಆಮೇಲೆ ನೀರು."

ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದಳು. ಪಕ್ಕದ ಮಂಚದ ಹೆಂಗಸು ಸೊಸೆಗೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಚಾಚಿದಳು. ಸೊಸೆ ಬೇಡವೆಂದು ಕೈಯಾಡಿಸಿದಳು. ಅತ್ತೆಗೆ ಅದು ಕಾಣಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಅತ್ತೆಯ ಹೊಟ್ಟೆ ಗುಡುಗಿತು. ಹಿಂದೆಯೇ ವಾರ್ಡಿಗೆಲ್ಲ ಕೇಳುವಂತೆ ಗಾಳಿ ಹೋಯಿತು. ನಾಲ್ಕು ಜನರ ಮುಂದೆ ಜೋರಾಗಿ ಆಕಳಿಸಿಯೂ ಗೊತ್ತಿಲ್ಲದ ಹೆಂಗಸು ಅವಳು. ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡಳು. ಸೊಸೆ ಮಾತ್ರ ತೊಟ್ಟಿಲ ಮಗು ಮೊದಲ ಮಾತಾಡಿದಂತೆ ಎದ್ದು, "ಬಂತು, ಬಂತು!" ಎಂದು ನರ್ಸಮ್ಮನ ಹತ್ತಿರ ಓಡಿದಳು. ಅವಳ ಗಂಟಲಿನಿಂದ ದನಿಯೇ ಸರಿಯಾಗಿ ಹೊರಡಲಿಲ್ಲ.

ಡಾಕ್ಟರು ಬಂದು ಹೊಟ್ಟೆ ಮುಟ್ಟಿ ನೋಡಿದರು. ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ನೀರು ಕೊಡಬಹುದು ಎಂದರು.

ಸೊಸೆ ಕಿಟಕಿಯಲ್ಲಿದ್ದ ತಂಬಿಗೆ ತಂದಳು. ಲೋಟ ತೆಗೆಯುವಾಗ ನೀರು ತುಳುಕಿ ಅತ್ತೆಯ ಕೈಮೇಲೆ ಚೆಲ್ಲಿತು. ಅತ್ತೆ ತಂಬಿಗೆಯನ್ನು ನೋಡಿದಳು. ಕಂಠದವರೆಗೆ ತುಂಬಿತ್ತು. ಸೊಸೆಯ ಬಿರಿದ ತುಟಿಯನ್ನು ನೋಡಿದಳು.

"ರಾತ್ರಿ ನೀನು ಕುಡೀಲಿಲ್ವೇನೇ?"

"ಮರೆತುಹೋಯ್ತು."

"ಉಸಿರಾಡೋದು ಬೇಕಾದ್ರೆ ಮರೆತೀಯ. ನೀರು ಮರೆಯೋಳಲ್ಲ ನೀನು."

ಸೊಸೆ ಚಮಚಕ್ಕೆ ನೀರು ಬಗ್ಗಿಸಿ ಚಾಚಿದಳು. ಅತ್ತೆ ಅವಳ ಮುಂಗೈ ಹಿಡಿದು, ಚಮಚವನ್ನು ಅವಳ ಬಾಯಿಯ ಕಡೆಗೇ ತಿರುಗಿಸಿದಳು.

"ಮೊದಲು ನೀನು ಕುಡಿ. ಒಣಗಿದ ಗಂಟಲಲ್ಲಿ ನೀನು ಬೈದ್ರೆ ನನಗೆ ಸರಿಯಾಗಿ ಕೇಳಿಸಲ್ಲ."

ಆ ಸಂಜೆ ಮಗ ತನ್ನ ತಂಗಿಯನ್ನು ಕರೆತಂದ. "ಇವತ್ತು ಇವಳು ಇರಲಿ ಅವ್ವ, ಮೆದು ಮನಸ್ಸಿನವಳು," ಎಂದ. ಅತ್ತೆ ಒಪ್ಪಲಿಲ್ಲ. "ಮೆದು ಮನಸ್ಸಿನವರೆಲ್ಲ ಮನೇಲಿರಿ. ನನಗೆ ಈ ರಾಕ್ಷಸಿಯೇ ಸಾಕು," ಅಂದು ಸೊಸೆಯ ಚಾಪೆಯನ್ನು ಕಣ್ಣಲ್ಲೇ ತೋರಿಸಿದಳು.

ಗುರುಗಳು ಕತೆ ನಿಲ್ಲಿಸಿದರು.

"ಸೊಸೆ ತಾನು ನೀರು ಕುಡಿಯದೆ ಇದ್ದುದರಿಂದ ಅತ್ತೆಯ ಕರುಳು ಎದ್ದದ್ದಲ್ಲವಲ್ಲ?" ಎಂದ ಶಿಷ್ಯ.

"ಅಲ್ಲ."

"ಹಾಗಾದರೆ ಅವಳು ಬಾಯಾರಿ ಕೂತಿದ್ದರಿಂದ ಏನು ಬಂತು ಗುರುಗಳೇ? 'ಬೇಡ' ಅಂದವಳು ಅವಳು. 'ಬೇಡ' ಅಂದವನು ನಾನೂ. ಅತ್ತೆ ಅವಳ ಕೈ ಹಿಡಿದಳು, ಅಜ್ಜ ನನಗೆ ಬೆನ್ನು ತಿರುಗಿಸಿದ."

ಗುರುಗಳು ಅವನ ಮುಖ ನೋಡಿದರು.

"ಮೊದಲು ಮೀಸೆ ಒರೆಸಿಕೋ ಮಗು, ಪಾಯಸ ಅಂಟಿದೆ."