ತಂಬಿಗೆಯಲ್ಲಿ ಹಸಿರು ಸೇವಂತಿಗೆ

"ಗುರುಗಳೇ, ನಿಮ್ಮ ಮಾತನ್ನು ಇನ್ನು ಮುಂದೆ ಯಾರೂ ಪ್ರಶ್ನಿಸಕೂಡದು ಎಂದು ನಾವೆಲ್ಲ ಸೇರಿ ನಿಯಮ ಮಾಡಿದ್ದೇವೆ. ಒಳ್ಳೆಯದಾಯಿತಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿಗೆ ಹೂವಿನ ಹುಚ್ಚು. ಒಂದು ದಿನ ಪೇಟೆಯಲ್ಲಿ ಹಸಿರು ಸೇವಂತಿಗೆ ಕಂಡ. ಇನ್ನೂ ಬಲಿಯದ ಹೂವೆಂದು ಜನ ಅದನ್ನು ಮುಟ್ಟದೆ ಹೋಗುತ್ತಿದ್ದರು. ಇವನು ಕಟ್ಟುಗಳನ್ನು ತಲೆಕೆಳಗಾಗಿ ಹಿಡಿದು ಒದರಿ, ದಳ ಉದುರದ, ನಡು ಬಿಗಿಯಾಗಿದ್ದ ಒಂದನ್ನು ಆರಿಸಿಕೊಂಡ. ಮನೆಗೆ ತಂದು ಕೆಳಗಿನ ಎಲೆ ಕಿತ್ತ. ದಂಟಿನ ತುದಿಯನ್ನು ಓರೆಯಾಗಿ ಕತ್ತರಿಸಿದ. ಹಿತ್ತಾಳೆ ತಂಬಿಗೆಯಲ್ಲಿ ನೀರು ತುಂಬಿ ಇಟ್ಟ. ದಿನವೂ ನೀರು ಬದಲಿಸಿದರೆ ಬಹಳ ಕಾಲ ಬಾಳುವ ಹೂ ಅದು. ಇಷ್ಟು ಮಾಡಿ ಅಂಗಡಿಗೆ ಹೋದ.

ಸಂಜೆ ಬಂದು ನೋಡಿದರೆ ತಂಬಿಗೆ ದೇವರ ಕೋಣೆಯಲ್ಲಿತ್ತು. ಕಂಠಕ್ಕೆ ಅರಿಶಿನದ ದಾರ, ಹೊಟ್ಟೆಗೆ ಕುಂಕುಮ. ತಂಬಿಗೆಯ ಮೇಲೆ ಹಸಿರು ಕಂಡ ತಾಯಿ, ದೇವರೆಂದರೆ ಮೂಗು ಮುರಿಯುತ್ತಿದ್ದ ಮಗ ಕಡೆಗೂ ಕಲಶ ಇಟ್ಟನಲ್ಲ ಎಂದು ಹಿಗ್ಗಿ, ಪುರೋಹಿತನನ್ನು ಕರೆಸಿ ಪೂಜೆ ಮುಗಿಸಿದ್ದಳು. ತೆಂಗಿನಕಾಯಿ ಕೂರಿಸಲು ಹೂ ಅಡ್ಡ ಬಂದಿತ್ತು. ಅದಕ್ಕೆ ಪುರೋಹಿತ ಒಂದು ಮಂತ್ರ ಹೆಚ್ಚಿಗೆ ಹೇಳಿ, ದಕ್ಷಿಣೆಯನ್ನೂ ಹೆಚ್ಚಿಗೆ ಪಡೆದು, ಒಳ್ಳೆಯ ಮುಹೂರ್ತ ಬರುವವರೆಗೆ ಕಲಶ ಕದಲಿಸಬಾರದು ಎಂದು ಅಪ್ಪಣೆ ಮಾಡಿ ಹೋಗಿದ್ದ.

"ಅಮ್ಮಾ, ಅದು ಹೂ. ನೀರು ಬದಲಿಸದಿದ್ದರೆ ಸಾಯುತ್ತದೆ" ಎಂದ ವ್ಯಾಪಾರಿ.

"ದೇವರ ಮುಂದೆ ಎಂಥ ಮಾತೋ ಅದು. ಬಿಡ್ತು ಅನ್ನು" ಎಂದಳು ತಾಯಿ.

ಅವನು ಬಿಡ್ತು ಎಂದ. ನೀರು ಬದಲಾಗಲಿಲ್ಲ.

ನೀರು ಕೊಳೆಯಿತು. ಊದುಬತ್ತಿ ಹೆಚ್ಚಿಸಿದರು. ನೆರೆಯವರು ಅದನ್ನೇ ತೀರ್ಥವೆಂದು ಕುಡಿದು, ಹೊಟ್ಟೆ ಕೆಟ್ಟಾಗ ಪಾಪ ಕಳೆಯುತ್ತಿದೆ ಎಂದು ಸಮಾಧಾನ ಮಾಡಿಕೊಂಡರು. ವ್ಯಾಪಾರಿ ಕೈಮುಗಿಯುವ ನೆಪದಲ್ಲಿ ತಂಬಿಗೆಯ ಬಳಿ ಸರಿದಾಗಲೆಲ್ಲ ತಾಯಿ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದಳು.

ಒಂದು ಬೆಳಗ್ಗೆ ಬಲಗಡೆಯಿಂದ ಒಂದು ದಳ ಬಿತ್ತು. ದೇವರು ಪ್ರಸಾದ ಕೊಟ್ಟಿತೆಂದು ಮನೆಯೆಲ್ಲ ಸಂಭ್ರಮ. ಆಮೇಲೆ ದಳ ಉದುರಿದಂತೆಲ್ಲ ಒಬ್ಬೊಬ್ಬರ ಹರಕೆ ಫಲಿಸುತ್ತಾ ಹೋಯಿತು. ಹೂವೆಲ್ಲ ಸತ್ತು ಬರೀ ದಂಟು ಉಳಿದ ದಿನ ಹೋಳಿಗೆ ಮಾಡಿದರು. ವ್ಯಾಪಾರಿಗೂ ಬಡಿಸಿದರು, ತುಪ್ಪ ಹಾಕಿ.

ಶಿಷ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅವನ ನಗು ಮುಗಿಯುವವರೆಗೆ ಕಾದು ಗುರು ಹೇಳಿದರು:

"ನಾನಿನ್ನೂ ಬಾಡಿಲ್ಲ ಕಣಯ್ಯ, ನೀರು ಬದಲಿಸು."