ಸಂಕಮ್ಮನ ಅಂಗಡಿಯಲ್ಲಿ ಕೊಂಡದ್ದೇನು?

"ಕೇಳ್ರಪ್ಪೋ ಕೇಳಿ! ಕೋಡಿಪುರದ ಮಾಚರಸ ಮಹಾಪ್ರಭುಗಳ ಅಪ್ಪಣೆ! ಹೊಳೆಬೀದಿಯ ಸಂಕಮ್ಮನ ಪುಸ್ತಕದಂಗಡಿಯಲ್ಲಿ ಜನ ಕೊಳ್ಳುವುದೇನು? ಮೂವರು ಗಿರಾಕಿಗಳ ಮೂರು ಒಗಟು ಬಿಡಿಸಿದವನಿಗೆ ರಾಜಕುಮಾರಿ ಚಂದಲೆಯನ್ನು ಕೊಟ್ಟು ಮದುವೆ! ತಪ್ಪಿದವನ ತಲೆ ಹುಣ್ಣಿಮೆಗೆ ಉರುಳುವುದು! ಅಷ್ಟರೊಳಗೆ ಯಾರೂ ಬಿಡಿಸದಿದ್ದರೆ ಅಂಗಡಿ ನೆಲಸಮ!"

ಡಂಗುರದವನು ಹೀಗೆ ಊರೆಲ್ಲ ಸಾರಿದ. ರಾಜನಿಗೆ ಜನ ಅಕ್ಕಿ ಕೊಂಡರೆ ಅರ್ಥವಾಗುತ್ತಿತ್ತು, ಸೀರೆ ಕೊಂಡರೂ ಅರ್ಥವಾಗುತ್ತಿತ್ತು. ಗೀಚಿದ ಒಣ ತಾಳೆಗರಿಗೆ ದುಡ್ಡು ಸುರಿಯುತ್ತಾರೆಂದರೆ ಅಲ್ಲಿ ಏನೋ ಮಾಟ ಇರಬೇಕೆಂದು ಅವನ ಗುಮಾನಿ. ಪುಸ್ತಕದ ಮುಖ ನೋಡದವರಿಗೆ ಪುಸ್ತಕದ ಮೇಲೆ ಗುಮಾನಿ ಜಾಸ್ತಿ, ಏನು ಮಾಡೋಣ!

ಆ ಡಂಗುರ ಕೇಳಿ ಅಂಬಿಗರ ದುಗ್ಗ ದೋಣಿಯ ಹುಟ್ಟು ಕೆಳಗಿಟ್ಟ. ದುಗ್ಗ ಬಡವ. ಪುಸ್ತಕ ಕೊಳ್ಳುವ ಶಕ್ತಿ ಇಲ್ಲ. ದೋಣಿಗೆ ಜನ ಇಲ್ಲದಾಗ ಸಂಕಮ್ಮನ ಜಗಲಿಯಲ್ಲಿ ಕೂತು, ಅವಳು ಕಲಿಸಿದ ಅಕ್ಷರ ಕೂಡಿಸಿಕೊಂಡು ಓದುತ್ತಿದ್ದ. ಕೊಳ್ಳದವನನ್ನು ಆ ಮುದುಕಿ ಒಂದು ದಿನವೂ ಎಬ್ಬಿಸಿರಲಿಲ್ಲ.

"ನಾನು ಹೋಗ್ತೀನವ್ವ," ಎಂದ ತಾಯಿಗೆ.

"ತಲೆ ಹೋದ್ರೆ ಯಾವ ಕಣ್ಣಲ್ಲಿ ಓದ್ತೀಯೋ?"

"ಅಂಗಡೀನೇ ಹೋದ್ರೆ ಕಣ್ಣಿಟ್ಕೊಂಡು ಏನು ಓದ್ಲವ್ವ?"

ತಾಯಿ ಬೈದಳು, ಅತ್ತಳು, ಕೊನೆಗೆ ರೊಟ್ಟಿ ಕಟ್ಟಿಕೊಟ್ಟಳು. ಹಟಕ್ಕೆ ಬಿದ್ದ ಮಗನನ್ನು ಹೆತ್ತವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಆಸ್ಥಾನದಲ್ಲಿ ಮೂವರು ಗಿರಾಕಿಗಳು ನಿಂತಿದ್ದರು. ಒಬ್ಬಳು ಕಣ್ಣಿಲ್ಲದ ಮುದುಕಿ, ಒಬ್ಬ ಕಮ್ಮಾರ, ಇನ್ನೊಬ್ಬಳು ಮುಸುಗು ಹಾಕಿದ ಹೆಂಗಸು. ರಾಜಭಟರು ಅಂಗಡಿಯ ಬಾಗಿಲಲ್ಲೇ ಹಿಡಿದು ತಂದವರು. ಹೆಂಗಸಿನ ಮುಸುಗು ತೆಗೆಸುವುದು ಮರ್ಯಾದೆಯಲ್ಲವೆಂದು ರಾಜನೂ ಸುಮ್ಮನಿದ್ದ. ಉತ್ತರ ಸರಿಯೋ ತಪ್ಪೋ ಅವರೇ ದೀಪ ಮುಟ್ಟಿ ಹೇಳಬೇಕು.

"ಈ ಮುದುಕಿಗೆ ಕಣ್ಣಿಲ್ಲ, ಮನೆಯಲ್ಲಿ ಓದುವವರೂ ಇಲ್ಲ. ಆದರೂ ಕತೆಯ ಪುಸ್ತಕ ಒಯ್ದಳು. ಕೊಂಡದ್ದೇನು?" ಎಂದು ರಾಜ ಕೇಳಿದ.

ದುಗ್ಗನಿಗಿಂತ ಮುಂದೆ ನಿಂತಿದ್ದ ಪರದೇಶದ ರಾಜಕುಮಾರ ಮೀಸೆ ತಿರುವಿ, "ಜ್ಞಾನ!" ಎಂದ.

ಮುದುಕಿ ದೀಪ ಮುಟ್ಟಿದಳು. "ಈ ವಯಸ್ಸಲ್ಲಿ ಅದನ್ನ ತಗೊಂಡು ಏನ್ ಮಾಡ್ಲಪ್ಪ?"

ಅವನನ್ನು ಸೆರೆಮನೆಗೆ ಎಳೆದೊಯ್ದರು. ಆಮೇಲೆ ಬಂದ ಸಾಹುಕಾರರ ಮಗ "ಪುಣ್ಯ" ಎಂದ. "ಪುಣ್ಯಕ್ಕೆ ಗುಡಿ ಇಲ್ವಾ?" ಎಂದಳು ಮುದುಕಿ. ಅವನೂ ಒಳಗಾದ. ಸಾಲಿನಲ್ಲಿ ಉಳಿದವರು ಮೆಲ್ಲಗೆ ಕಾಲ್ತೆಗೆದರು. ದುಗ್ಗ ಮಾತ್ರ ಹೆಜ್ಜೆ ಮುಂದಕ್ಕೇ ಇಟ್ಟ.

"ಬುದ್ಧಿ, ಪುಸ್ತಕ ಮಡಿಲಲ್ಲಿ ಇಟ್ಕೊಂಡು ಈ ಅಜ್ಜಿ ಜಗಲಿ ಮೇಲೆ ಕೂತ್ಕೊಳ್ತಾಳೆ. ದಾರೀಲಿ ಹೋಗೋರು 'ಏನಜ್ಜಿ ಅದು?' ಅಂತ ನಿಲ್ತಾರೆ. 'ಒಂದು ಗರಿ ಓದಿ ಹೋಗಪ್ಪ' ಅಂತಾಳೆ. ಅವಳು ಕೊಂಡಿದ್ದು ಬಂದು ಕೂರೋ ಜನಾನ."

ಮುದುಕಿ ದೀಪ ಮುಟ್ಟಿದಳು. "ಹೌದು ಕಣಪ್ಪ. ಸುಮ್ಮನೆ ಕರೆದ್ರೆ ಯಾರೂ ಬರಲ್ಲ."

ರಾಜ ಕಮ್ಮಾರನತ್ತ ಕೈ ತೋರಿದ. "ಇವನಿಗೆ ಒಂದು ಕತೆ ಮೊದಲಿಂದ ಕೊನೆವರೆಗೆ ಬಾಯಿಪಾಠ. ಮನೆಯಲ್ಲಿ ಅದರ ಪುಸ್ತಕವೂ ಇದೆ. ಆದರೂ ಅದನ್ನೇ ಮತ್ತೆ ಕೊಂಡ. ಏನು ಕೊಂಡ?"

ದುಗ್ಗನಿಗೆ ತನ್ನ ಹೊಟ್ಟೆಯ ಸಂಕಟವೇ ನೆನಪಾಯಿತು. ಓದಿದ ಕತೆಯನ್ನು ಯಾರಿಗಾದರೂ ಹೇಳದೆ ಅವನಿಗೆ ತಡೆಯಲು ಆಗುತ್ತಿರಲಿಲ್ಲ. ದೋಣಿ ಹತ್ತಿದವರೆಲ್ಲ ಅವನ ಕೈಗೆ ಸಿಕ್ಕಿ ಒದ್ದಾಡುತ್ತಿದ್ದರು.

"ಅದು ಅವನಿಗಲ್ಲ, ಬುದ್ಧಿ. ಇನ್ನೊಬ್ಬರಿಗೆ ಕೊಡೋಕೆ. ಮೆಚ್ಚಿದ ಕತೇನ ಒಬ್ಬನೇ ಮೆಚ್ಕೊಂಡು ಕೂತ್ರೆ ಹೊಟ್ಟೆ ತುಂಬಲ್ಲ. ಆ ಕತೆ ಬಗ್ಗೆ ಮಾತಾಡೋಕೆ ಒಬ್ಬ ಜೊತೆಗಾರನ್ನ ಕೊಂಡ."

"ನಮ್ಮ ಭಾವನಿಗೆ ಕೊಟ್ಟೆ, ಸ್ವಾಮಿ," ಎಂದ ಕಮ್ಮಾರ ದೀಪ ಮುಟ್ಟಿ. "ಈಗ ದಿನಾ ಜಗಳ ಆಡ್ತೀವಿ, ಆ ಕತೆ ಮೇಲೆ. ಸುಖವಾಗಿದೆ."

ಸಭೆ ನಕ್ಕಿತು. ರಾಜ ನಗಲಿಲ್ಲ.

"ಕೊನೆಯದು. ಈ ಹೆಂಗಸು ಸಂಕಮ್ಮನಿಗೆ ಹಣ ಕೊಡುತ್ತಾಳೆ, ಸಂಜೆಯವರೆಗೆ ಒಳಗೆ ಕೂರುತ್ತಾಳೆ, ಬರಿಗೈಯಲ್ಲಿ ಹೋಗುತ್ತಾಳೆ. ಏನು ಕೊಂಡಳು?"

ದುಗ್ಗ ಮುಸುಗಿನವಳತ್ತ ತಿರುಗಿದ. ಈ ಹೆಂಗಸು ತನ್ನ ದೋಣಿ ಹತ್ತಿದವಳಲ್ಲ, ಮಾತಾಡಿಸಿದವಳಲ್ಲ. ಜಗಲಿಯಿಂದ ಅವಳನ್ನು ಕಂಡದ್ದುಂಟು, ಅಷ್ಟೆ. ಒಂದು ಕಟ್ಟು ಬಿಚ್ಚಿ ನಾಲ್ಕು ಗರಿ ಓದುವಳು, ಬೇಡವೆನಿಸಿದರೆ ಕಟ್ಟಿಟ್ಟು ಇನ್ನೊಂದು ಬಿಚ್ಚುವಳು. ಅದರಲ್ಲೇನು ಸುಖ? ತನಗೆ ಅಲ್ಲಿ ಯಾಕೆ ಹಿತವೆಂದು ಕೇಳಿಕೊಂಡ. ಸಂಕಮ್ಮ ಯಾರನ್ನೂ ನೀನು ಯಾರ ಮಗ, ಯಾರ ಮಗಳು ಎಂದು ಕೇಳುವವಳಲ್ಲ. ಇದು ಓದು, ಅದು ಬಿಡು ಎನ್ನುವವಳಲ್ಲ.

"ಬುದ್ಧಿ," ಎಂದ, ತಲೆಯ ಆಸೆ ಬಿಟ್ಟು. "ಇವರ ಮನೇಲಿ ಉಣ್ಣೋದು, ಉಡೋದು ಎಲ್ಲಾನೂ ಬೇರೆಯವರೇ ಆರಿಸ್ತಾರೆ ಅನ್ಸುತ್ತೆ. ತಮಗೆ ಬೇಕಾದ್ದನ್ನ ತಾವೇ ಆರಿಸಿಕೊಳ್ಳೋ ಒಂದಿಷ್ಟು ಹೊತ್ತನ್ನ ಇವರು ಕೊಂಡ್ರು."

ಹೆಂಗಸು ದೀಪ ಮುಟ್ಟಿದಳು. "ನಿಜ," ಎಂದು ಮುಸುಗು ತೆಗೆದಳು.

ರಾಜಕುಮಾರಿ ಚಂದಲೆ!

ರಾಜನ ಮುಖ ಕಪ್ಪಿಟ್ಟಿತು. ಆದರೆ ಆಡಿದ ಮಾತು ಆಡಿದ್ದೇ. "ಅಂಗಡಿ ಉಳಿಯಿತು. ಸೆರೆಯಲ್ಲಿರುವವರನ್ನೂ ಬಿಟ್ಟೆ. ಇಗೋ, ಮಗಳನ್ನು ಕೊಟ್ಟೆ, ಕರೆದುಕೊಂಡು ಹೋಗು," ಎಂದ.

ದುಗ್ಗ ನೆಲ ಮುಟ್ಟಿ ನಮಸ್ಕರಿಸಿದ. ಚಂದಲೆಯ ಮುಖ ನೋಡಿದಾಗಲೇ ಅವನ ಮನಸ್ಸು ಕೈಬಿಟ್ಟು ಹೋಗಿತ್ತು. ಆದರೂ ಹೇಳಿದ: "ನೀವು ಕೊಟ್ಟು ನಾನು ತಗೊಂಡ್ರೆ ಇದನ್ನೂ ಬೇರೆಯವರೇ ಆರಿಸಿದ ಹಾಗಾಯ್ತು. ನಾನು ಒಲ್ಲೆ, ಬುದ್ಧಿ. ಅಮ್ಮಣ್ಣಿಯವರನ್ನೇ ಕೇಳಿ."

ಮಗಳು ಹುಟ್ಟಿದಂದಿನಿಂದ ರಾಜ ಅವಳನ್ನು ಏನನ್ನೂ ಕೇಳಿದವನಲ್ಲ. ಹೇಗೆ ಕೇಳಬೇಕೆಂದೂ ತಿಳಿಯಲಿಲ್ಲ. ತಡವರಿಸಿ, "ಏನಮ್ಮ... ಏನಂತೀ?" ಎಂದ.

ಚಂದಲೆಯ ಕಣ್ಣು ತುಂಬಿತು. "ಕಟ್ಟು ಬಿಚ್ಚಿದ ತಕ್ಷಣ ಕೊಂಡುಬಿಡುವವಳಲ್ಲ ನಾನು, ಅಪ್ಪಾಜಿ. ಯೋಚಿಸುತ್ತೇನೆ," ಎಂದಳು.

ಮದುವೆ ಆಯಿತೇ ಎಂದು ಕೇಳುತ್ತೀರಲ್ಲವೇ? ಆಯಿತು. ಮುಂದಿನ ಮಾವಿನ ಕಾಲದಲ್ಲಿ ಒಂದು ಬೆಳಿಗ್ಗೆ ಅವಳೇ ಹೊಳೆದಂಡೆಗೆ ನಡೆದು ಬಂದಳು, ಮುಸುಗಿಲ್ಲದೆ.