ಹುಣ್ಣಿಮೆಗೆ ಮುಂಚೆ ಬಿಟ್ಟ ಕಾಯಿ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಕಾವಿ ಉಟ್ಟ ಮೇಲೆ ಮನಸ್ಸು ತಾನಾಗಿ ಅಡಗುತ್ತದೆ ಅಲ್ಲವೇ? ಹಾಗಿದ್ದ ಮೇಲೆ ಐದು ವರ್ಷ ಯಾಕೆ ಕಾಯಬೇಕು? ಈ ತಿಂಗಳೇ ನನಗೆ ಸಂನ್ಯಾಸ ಕೊಡಿ. ಇಲ್ಲವಾದರೆ ಬೇರೆ ಮಠಕ್ಕೆ ಹೋಗುತ್ತೇನೆ."

"ಹೋಗುವುದಾದರೆ ಊಟ ಮಾಡಿ ಹೋಗು. ಅಡುಗೆಯಾಗುವವರೆಗೆ ಒಂದು ಕತೆ ಕೇಳು" ಎಂದರು ಗುರುಗಳು.

ಕರಾವಳಿಯ ಒಂದು ಬಂದರಿನಲ್ಲಿ ಒಬ್ಬ ವರ್ತಕನಿದ್ದ. ಹಡಗಿಗೆ ಮೆಣಸು ತುಂಬಿ ಉತ್ತರದ ಬಂದರುಗಳಿಗೆ ಕಳಿಸುವುದು ಅವನ ಕಸುಬು. ಮಳೆಗಾಲದಲ್ಲಿ ಆ ಕೆಲಸ ನಡೆಯುವುದಿಲ್ಲ. ಆಗ ಗಾಳಿ ನೈಋತ್ಯದಿಂದ, ಸಾವಿರಾರು ಹರದಾರಿ ನೀರಿನ ಮೇಲೆ ಹಾದು ಬರುತ್ತದೆ. ನಮಗೆ ಮಳೆ ತರುವುದೂ ಅದೇ, ಹಡಗನ್ನು ದಡಕ್ಕೆ ಬಡಿಯುವುದೂ ಅದೇ. ಶ್ರಾವಣದ ಹುಣ್ಣಿಮೆಯ ಹೊತ್ತಿಗೆ ಅದರ ಬಿರುಸು ಇಳಿಯುತ್ತದೆ. ಇನ್ನೆರಡು ಮೂರು ತಿಂಗಳು ಕಳೆದರೆ ಗಾಳಿ ನೆಲದ ಕಡೆಯಿಂದ ಬೀಸತೊಡಗಿ, ಅರಬರ ನಾಡಿನವರೆಗೂ ಹಡಗನ್ನು ಒಯ್ಯುತ್ತದೆ. ಅದಕ್ಕೇ ಆ ಹುಣ್ಣಿಮೆಯ ದಿನ ಊರವರು ಕಡಲಿಗೆ ಹಾಲೆರೆದು, ತೆಂಗಿನಕಾಯಿ ಬಿಟ್ಟು, ಆಮೇಲೆ ಹಡಗು ಇಳಿಸುತ್ತಾರೆ.

ವರ್ಷ ವರ್ಷವೂ ಇದನ್ನು ನೋಡಿದ ವರ್ತಕ, ಕಾಯಿಯೇ ಕಡಲನ್ನು ಪಳಗಿಸುತ್ತದೆ ಎಂದುಕೊಂಡ. ಒಂದು ವರ್ಷ, ಎಲ್ಲರಿಗಿಂತ ಮೊದಲು ಸರಕು ಮುಟ್ಟಿಸುವ ಆಸೆಯಿಂದ, ಆಷಾಢದಲ್ಲೇ ಪುರೋಹಿತರನ್ನು ಒಪ್ಪಿಸಿ ಕಾಯಿ ಬಿಡಿಸಿದ. ಒಂದಲ್ಲ, ನೂರೊಂದು. ಕಡಲಿಗೆ ಕಡಿಮೆಯಾಗಬಾರದಲ್ಲ!

ಹಡಗು ನಡೆಸುವ ತಂಡೇಲ ಕೈಮುಗಿದು ಹೇಳಿದ: "ಒಡೆಯಾ, ಕಾಯಿ ಬಿಟ್ಟದ್ದಕ್ಕೆ ಕಡಲು ತಣಿಯುವುದಲ್ಲ. ಕಡಲು ತಣಿದ ಮೇಲೆ ನಾವು ಕಾಯಿ ಬಿಡುವುದು."

ಮರುದಿನವೇ ಮಳೆ ನಿಂತಿತು. ಎರಡು ದಿನ ಒಳ್ಳೆಯ ಬಿಸಿಲು. ಮಳೆಗಾಲದ ನಡುವೆ ಹೀಗೆ ಬಿಡುವು ಬರುವುದುಂಟು. ತಂಡೇಲನಿಗೆ ಅದು ಗೊತ್ತಿತ್ತು. ವರ್ತಕ ಮಾತ್ರ ಹಿಗ್ಗಿಹೋದ. "ನೋಡಿದೆಯಾ? ಹೆದರಿಕೆಯಾದರೆ ಹೇಳು, ಬೇರೆ ತಂಡೇಲನನ್ನು ಇಟ್ಟುಕೊಳ್ಳುತ್ತೇನೆ" ಎಂದ. ತಂಡೇಲ ಬಾಯಿ ಮುಚ್ಚಿಕೊಂಡು ಹಾಯಿ ಕಟ್ಟಿಸಿದ.

ಹೊಳೆ ಕಡಲು ಸೇರುವ ಅಳಿವೆಯನ್ನು ಹಡಗು ದಾಟಿ ಅರ್ಧ ದಿನವಾಗಿತ್ತು. ಅಡಗಿದ್ದ ಗಾಳಿ ಮತ್ತೆ ಎದ್ದಿತು. ಹಡಗನ್ನು ದಡದತ್ತ ತಳ್ಳಿಕೊಂಡು ಬಂದು ಬಂಡೆಗೆ ಅಪ್ಪಳಿಸಿತು. ತಂಡೇಲ ಈಜಿ ಬದುಕಿದ. ಅವನನ್ನು ನಂಬಿ ಹಡಗು ಹತ್ತಿದ ಹನ್ನೊಂದು ಜನ ಬದುಕಲಿಲ್ಲ. ಈ ಕತೆ ಹೇಳುವಾಗಲೆಲ್ಲ ಆ ಹನ್ನೊಂದು ಮನೆಗಳನ್ನು ನೆನೆದು ನನಗೆ ಸಂಕಟವಾಗುತ್ತದೆ.

ಹೀಗೆಂದು ಗುರುಗಳು ಕತೆ ಮುಗಿಸಿದರು. ಶಿಷ್ಯ ಕೇಳಿದ: "ವರ್ತಕನಿಗೆ ತಿಳಿವಳಿಕೆ ಇರಲಿಲ್ಲ, ಒಪ್ಪಿದೆ. ತಂಡೇಲ ಎಲ್ಲ ತಿಳಿದವನು. ಅವನೇಕೆ ಹಡಗು ಬಿಟ್ಟ?"

"ಕೆಲಸ ಹೋಗುತ್ತದೆಂದು ಹೆದರಿ ಬಿಟ್ಟ, ಶಿಷ್ಯ ಹೋಗುತ್ತಾನೆಂದು ನಾನು ಹೆದರುವುದಿಲ್ಲ" ಎಂದರು ಗುರುಗಳು.